ಆಯಿ ಬಿಡುತ್ತಿದ್ದ ಬಣ್ಣದ ಸಾಲುಗಳು

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ಬಣ್ಣದ ಬಡಿಸೋಪಿನ, ಅಂದರೆ ಸಕ್ಕರೆ ಮೆತ್ತಿದ ಸೋಂಪುಕಾಳಿನ, ಪೊಟ್ಟಣ ಕತ್ತರಿಸಿದಳು. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಗಾಜಿನ ಲೋಟಗಳಲ್ಲಿ ಬಿಸ್ಕೀಟಿನ ಪುಡಿ ಒಂದು ಪದರ, ಕೆನೆ ಒಂದು ಪದರ, ಮಾವಿನ ಹಣ್ಣಿನ ರಸ ಒಂದು ಪದರ ತುಂಬಿ, ಮೇಲೆ ಆ ಕೆಂಪು ಹಸಿರು ಸಕ್ಕರೆ ಕಾಳು ಉದುರಿಸುವ ತಯಾರಿ ಅವಳದು. ನಾನು ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದೆ. ಬಡಿಸೋಪಿನ ತಂಪು ಸಿಹಿ ವಾಸನೆ ಮೂಗಿಗೆ ಬಂದದ್ದೇ ತಡ, ಕೈ ನಿಂತುಬಿಟ್ಟಿತು. ಈಗೀಗ ನನಗೆ ಎಲ್ಲದಕ್ಕೂ ದಣಿವು. ಪೂಜೆ ಮುಗಿಸಿ ಏಳಬೇಕಾದರೆ ಗೋಡೆ ಹಿಡಿಯಬೇಕು; ಎದ್ದ ಮೇಲೆ ಯಾಕೆ ಎದ್ದೆ ಎನ್ನುವುದು ಮರೆತಿರುತ್ತದೆ. ಆದರೂ ಬತ್ತಿ ಹೊಸೆಯುವಷ್ಟು ಬೆರಳು ಬಗ್ಗುತ್ತವೆ, ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ತಾಟಿಗೆ ಬಂದು ಬೀಳುತ್ತದೆ. ಇಷ್ಟನ್ನಾದರೂ ದೇವರು ಇಟ್ಟಿದ್ದಾನಲ್ಲ ಎಂದು ದಿನಾ ಕೈಮುಗಿಯುತ್ತೇನೆ. ಅಂದು ಕೈಮುಗಿಯುವುದೂ ನೆನಪಾಗಲಿಲ್ಲ. ಕುಳಿತಲ್ಲಿಂದಲೇ ಬೆಟಗೇರಿಯ ತವರುಮನೆಯ ಪಡಸಾಲೆಗೆ ಹೋಗಿಬಿಟ್ಟಿದ್ದೆ.

ನೇಕಾರರ ಮನೆ ನಮ್ಮದು. ಪಡಸಾಲೆಯ ತುಂಬ ಮಗ್ಗ, ಮನೆಯ ತುಂಬ ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಬೆಳಗಿನಿಂದ ಸಂಜೆಯವರೆಗೆ ಲಾಳಿಯ ಸಪ್ಪಳ. ಅಪ್ಪ ಮತ್ತು ಕಾಕಾ ನೇಯುತ್ತಿದ್ದರು. ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ ಒಲೆಯ ಕೆಲಸ, ನೂಲಿನ ಕೆಲಸ ಎರಡನ್ನೂ ತೂಗಿಸಿಕೊಂಡು ಹೋಗುತ್ತಿದ್ದರು. ಎಲ್ಲರ ಮೇಲೆ ಅಪ್ಪನ ತಾಯಿ, ನಮ್ಮ ಆಯಿ. ಹರೆಯದಲ್ಲಿ ಆಕೆ ನೂಲಿಗೆ ಬಣ್ಣ ಕಟ್ಟಿದರೆ ಓಣಿಯವರು ನೋಡಲು ಬರುತ್ತಿದ್ದರಂತೆ. ನಾನು ಕಾಣುವ ಹೊತ್ತಿಗೆ ಆಕೆಯ ಕಣ್ಣಿಗೆ ಪರೆ ಬಂದಿತ್ತು. ಕಡಿದ ಎಳೆಯ ತುದಿ ಸಿಗದಾದಾಗ ನೂಲು ಸುತ್ತುವ ರಾಟೆಯನ್ನು ಆಕೆಯ ಮುಂದಿನಿಂದ ತೆಗೆದರು. ಆಮೇಲೆ ಈಳಿಗೆ ಹೋಯಿತು, ಆಮೇಲೆ ಒಲೆ. ಬೈದು ಕಸಿದುಕೊಂಡವರು ಯಾರೂ ಇಲ್ಲ. 'ನೀವ್ಯಾಕ್ರಿ, ನಾವದೀವಲ್ಲ' ಎನ್ನುತ್ತ ಮೆತ್ತಗೆ ತೆಗೆದುಕೊಂಡದ್ದು. ಕೊನೆಗೆ ಆಕೆಯ ಪಾಲಿಗೆ ಉಳಿದದ್ದು ಒಂದೇ ಕೆಲಸ, ಪದರ ಮಾದಲಿಗೆ ಬಣ್ಣ ಬಿಡುವುದು.

ನಮ್ಮ ಮನೆಯಲ್ಲಿ ಯಾವ ಶುಭಕಾರ್ಯವಿದ್ದರೂ ಪದರ ಮಾದಲಿ ಆಗಲೇಬೇಕು. ಪರಾತವೆನ್ನುವ ಹಿತ್ತಾಳೆಯ ದೊಡ್ಡ ಅಗಲ ತಟ್ಟೆಯಲ್ಲಿ ಕೆಳಗೆ ಮಾದಲಿ, ಅಂದರೆ ಗೋಧಿ ಚಪಾತಿಯನ್ನು ಕುಟ್ಟಿ ಬೆಲ್ಲ, ಪುಠಾಣಿ, ಗಸಗಸೆ ಬೆರೆಸಿದ ಪುಡಿ. ಅದರ ಮೇಲೆ ತುಪ್ಪದಲ್ಲಿ ಹುರಿದ ಸಿಹಿ ಶ್ಯಾವಿಗೆ, ಅದರ ಮೇಲೆ ಖವಾ, ಎಲ್ಲಕ್ಕೂ ಮೇಲೆ ಒಣಕೊಬ್ಬರಿಯ ತುರಿಯ ಬಿಳಿ ಹಾಸು. ಆ ಬಿಳುಪಿನ ಮೇಲೆ ಮನೆಯ ಹಿರಿಯ ಹೆಂಗಸು ಬಣ್ಣದ ಬಡಿಸೋಪು, ಕುಸುರೆಳ್ಳುಗಳನ್ನು ಚಿಮಟಿ ಚಿಮಟಿಯಾಗಿ ಬಿಟ್ಟು ಸೀರೆಯ ದಡಿಯನ್ನೇ, ಅಂಚಿನ ಚಿತ್ತಾರವನ್ನೇ, ಇಳಿಸಬೇಕು: ಕೆಂಪಿನ ಪಕ್ಕ ಬಿಳಿ, ಬಿಳಿಯ ಪಕ್ಕ ಹಸಿರು, ಮಧ್ಯೆ ಸೆರಗಿನ ತೆನೆ. ಮುಗಿದ ಮೇಲೆ ಬನಶಂಕರಿಗೆ ನೈವೇದ್ಯ. ನೈವೇದ್ಯವಾದ ಮೇಲೆ ಹಂಚುವವರೆಗೆ ಅದರ ಒಂದು ಕಾಳನ್ನೂ ಯಾರೂ ಸರಿಸುವಂತಿಲ್ಲ. ಅದು ತಾಯಿ ನೋಡಿದ ದಡಿ.

ಆಯಿ ಬಟ್ಟಲುಗಳನ್ನು ಸಾಲಾಗಿ ಇರಿಸಿಕೊಂಡು, ಸಾಲು ನೆನಪಿಟ್ಟುಕೊಂಡು ಬಣ್ಣ ಬಿಡುತ್ತಿದ್ದಳು. ಆದರೆ ಯಾರದಾದರೂ ಸೀರೆ ತಾಗಿ ಒಂದು ಬಟ್ಟಲು ಸರಿದರೆ ಕೆಂಪಿನ ಜಾಗಕ್ಕೆ ಹಳದಿ ಹೋಗುತ್ತಿತ್ತು. ಆಗ ಅವ್ವ, "ಅತ್ತಿ, ಬರ್ರಿ, ಸೀರಿ ಬದಲಾಸ್ಕೋರಿ, ಮಂದಿ ಬರೂ ಹೊತ್ತಾತು," ಎಂದು ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದಳು. ಅಷ್ಟರಲ್ಲಿ, ನೈವೇದ್ಯಕ್ಕೆ ಮುಂಚೆಯೇ, ಚಿಗವ್ವ ಪರಾತದ ಮುಂದೆ ಕುಳಿತು, ತಲೆಯ ಪಿನ್ನಿನ ತುದಿಯಿಂದ ತಪ್ಪಿದ ಕಾಳುಗಳನ್ನು ಎತ್ತಿ ದಡಿ ಸರಿಮಾಡಬೇಕು. "ಅಕ್ಕಾ, ಜಲ್ದಿ ಬಿಡಬ್ಯಾಡ್ರಿ, ನಿರಿಗಿ ಸರಿ ಆಗಿಲ್ಲಂತ ಮತ್ತೊಮ್ಮೆ ಉಡಸ್ರಿ," ಎಂದು ಬಾಗಿಲಿಗೆ ಬಂದು ಪಿಸುಗುಟ್ಟುವಳು. ಬಂದವರು ದಡಿ ನೋಡಿ ಹೊಗಳಿದರೆ ಆಯಿಯ ಮುಖ ಅರಳುತ್ತಿತ್ತು. ಆ ಕೆಲಸವೂ ಕೈಬಿಟ್ಟರೆ ಆಕೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾಳೆ ಎಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು. ಅದಕ್ಕೇ ಮಕ್ಕಳೂ ಬಾಯಿ ಬಿಡುತ್ತಿರಲಿಲ್ಲ.

ಅಪ್ಪನ ತಂಗಿ ಶಾಂತತ್ತಿಯ ನಿಶ್ಚಯಕ್ಕೆ ಮುಂಡರಗಿಯಿಂದ ಬೀಗರು ಬಂದ ದಿನ ಈ ಲೆಕ್ಕ ತಪ್ಪಿತು. ಪೂಜೆಯ ಅಯ್ಯನವರಿಗೆ ಗದಗಿನಲ್ಲಿ ಇನ್ನೊಂದು ಮನೆಯ ಕಾರ್ಯವಿತ್ತು. ಬೇಗ ಬಂದವರೇ, ಆಯಿ ಕೈ ಒರೆಸಿಕೊಳ್ಳುವುದರೊಳಗೆ ಪರಾತವನ್ನು ದೇವರ ಮುಂದೆ ಇಡಿಸಿ ಗಂಟೆ ಬಾರಿಸಿಬಿಟ್ಟರು. ಚಿಗವ್ವ ಪಿನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಇನ್ನು ಯಾರೂ ಮುಟ್ಟುವಂತಿರಲಿಲ್ಲ. ಪರಾತ ಹಾಗೆಯೇ ಬೀಗರ ಮುಂದೆ ಬಂತು.

"ಇದೇನ್ರಿ ಬೀಗತಿ, ಕೆಂಪಿನಾಗ ಹಸರು, ಹಸರಿನಾಗ ಹಳದಿ? ನೇಕಾರ ಮನ್ಯಾಗ ದಡಿ ಹಿಂಗ ಕಲಸೇತಲ್ರಿ!" ವರನ ತಾಯಿ ನಕ್ಕೇ ಅಂದದ್ದು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ನಮ್ಮವರು ಯಾರೂ ನಗಲಿಲ್ಲ. ಶಾಂತತ್ತಿ ತಲೆ ತಗ್ಗಿಸಿದಳು.

"ಕಲಸೇತೇನ್ರಿ?" ಎಂದಳು ಆಯಿ. "ನನ್ನ ಕೈಲೆ ಹಾಕಿದ್ದರಿ ಅದು. ನನಗ ಕಣ್ಣ ಕಾಣಂಗಿಲ್ರಿ." ಆ ಮಾತನ್ನು ಆಕೆ ನಾಲ್ಕು ಮಂದಿಯ ಮುಂದೆ ಹೇಳಿದ್ದನ್ನು ನಾವು ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ.

ವರನ ಅಜ್ಜ ತಾಟು ಮುಂದೆ ತಳ್ಳಿದರು. "ಬಿಡವ್ವಾ, ಹೊಟ್ಟ್ಯಾಗ ಹ್ವಾದ ಮ್ಯಾಲೆ ಯಾವ ದಡಿ ಯಾರ ನೋಡ್ತಾರ? ನನಗ ಖವಾ ದಪ್ಪ ಇದ್ದ ಕಡೆದು ಹಾಕ್ಸು." ಎಲ್ಲರೂ ನಕ್ಕರು, ನಿಶ್ಚಯ ನಡೆಯಿತು. ದೇವರು ಅಂಥ ಒಬ್ಬ ಮುದುಕನನ್ನು ಆ ದಿನ ನಮ್ಮ ಮನೆಗೆ ಕಳಿಸಿದ್ದ. ಆದರೂ ಸಂಜೆ ಅವ್ವ, ಚಿಗವ್ವ ಇಬ್ಬರೂ ಉಣ್ಣಲಿಲ್ಲ.

ಮುಂದೆ ಶಾಂತತ್ತಿಯ ಮದುವೆಗೆ ಪರಾತ ಸಿದ್ಧವಾದಾಗ ಆಯಿಯ ಮುಂದೆ ಬಟ್ಟಲುಗಳನ್ನು ಇಟ್ಟರು. ಆಕೆ ಕೈ ಚಾಚಲಿಲ್ಲ.

"ಗೌರವ್ವಾ, ಬಟ್ಟಲಾ ನಿನ್ನ ಕಡೆ ಎಳಕೋ," ಎಂದಳು ಚಿಗವ್ವನಿಗೆ. "ಇಷ್ಟ ದಿನಾ ನಾ ಎದ್ದ ಮ್ಯಾಲೆ ಹಾಕತಿದ್ದಿ. ಇನ್ನ ನಾ ಕುಂತಾಗ ಹಾಕು."

"ಅತ್ತಿ, ನಾ ಎಲ್ಲಿ..."

"ನಿನ್ನ ಕೈಯಾಗಿನ ಬಳಿ ಸಪ್ಪಳ ನನಗ ಕೇಳಂಗಿಲ್ಲಂತ ತಿಳದೀಯೇನು? ಹೋಗಿದ್ದು ಕಣ್ಣು, ಕಿವಿ ಅಲ್ಲ."

ಅವ್ವನ ಕಣ್ಣಲ್ಲಿ ನೀರು. "ಗೊತ್ತಿದ್ದೂ ನನ್ನ ಹಿಂದ ಬರ್ತಿದ್ರೇನ್ರಿ?"

"ಸೀರಿ ಉಡಸಾಕ ಅಷ್ಟ ಕಳ್ಳ ಪ್ರೀತಿಲೆ ಕರೀತಿದ್ದಿ. ಹೆಂಗ ಒಲ್ಲೆ ಅನ್ಲಿ?"

ಆಯಿ ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಪ್ರತಿ ಕಾರ್ಯಕ್ಕೂ ಸ್ನಾನ ಮಾಡಿ, ಮಡಿಯುಟ್ಟು, ಪರಾತದ ಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದಳು. ಚಿಗವ್ವ ಒಂದೊಂದೇ ಬಣ್ಣದ ಹೆಸರು ಹೇಳಿ ಸಾಲು ಬಿಡುವಳು. "ಕೆಂಪ, ಅತ್ತಿ." "ಹೂಂ." "ಬಿಳೇದು." "ಹೂಂ, ತೆಳ್ಳಗ ಬಿಡು." ಆಯಿಯ ಹೂಂ ಬೀಳದೆ ಮುಂದಿನ ಬಟ್ಟಲಿಗೆ ಕೈ ಹೋಗುತ್ತಿರಲಿಲ್ಲ. ಕೆಲಸ ಕೈಬಿಟ್ಟು ಹೋದ ಮೇಲೂ ಮನುಷ್ಯರನ್ನು ಹೀಗೆ ಕೂರಿಸಿಕೊಳ್ಳಬಹುದು ಎಂದು ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿಯುತ್ತದೆ, ಮೈಯೆಲ್ಲ ದಣಿದ ಮೇಲೆ.

ಆ ಮನೆ ಈಗಿಲ್ಲ. ಮಗ್ಗಗಳು ಬಿಚ್ಚಿ ಹೋದವು, ಪಡಸಾಲೆಯ ನಡುವೆ ಗೋಡೆ ಬಂತು, ಆಮೇಲೆ ಗೋಡೆಯೂ ಹೋಗಿ ಅಂಗಡಿ ಸಾಲು ಎದ್ದಿತು. ನೀವೂ ನಿಮ್ಮ ಇಂಥದೊಂದು ಮನೆಯನ್ನು ಕಳೆದುಕೊಂಡಿರುತ್ತೀರಿ, ಹೆಚ್ಚು ಹೇಳುವುದಿಲ್ಲ. ನನಗೆ ಉಳಿದದ್ದು ಆಯಿ ತೀರಿದ ಮರುವರ್ಷ ಅಲ್ಲಿ ನಡೆದ ನನ್ನದೇ ನಿಶ್ಚಯದ ಬೆಳಗು. ಚಿಗವ್ವ ಒಬ್ಬಳೇ ಪರಾತದ ಮುಂದೆ ಕುಳಿತಿದ್ದಳು. ಬಾಯಿ ಬಿಡದೆ ಒಂದೆರಡು ಸಾಲು ಬಿಟ್ಟಳು. ಮತ್ತೊಂದು ಬಟ್ಟಲಿಗೆ ಕೈ ಹಾಕಿದವಳು ಅಲ್ಲೇ ತಡೆದು, ಪಕ್ಕದಲ್ಲಿ ಆಯಿ ಕೂರುತ್ತಿದ್ದ ಖಾಲಿ ಮಣೆಯ ಕಡೆ ನೋಡದೆಯೇ, "ಕೆಂಪ," ಎಂದಳು. ಕೈ ಹಾಗೇ ಬಟ್ಟಲಲ್ಲಿ ನಿಂತಿತ್ತು.

ಒಲೆಯ ಮುಂದಿದ್ದ ಅವ್ವ, ಈ ಕಡೆ ತಿರುಗದೆ, "ಹೂಂ," ಎಂದಳು.