ಸಲೂನಿನ ಮೀನುತೊಟ್ಟಿಯೂ ಚಿಕ್ಕಹನುಮಕ್ಕನ ದಂಡಯಾತ್ರೆಯೂ

ಬರಗೂರಿನಲ್ಲಿ ಸೂರ್ಯ ಹುಟ್ಟುವುದು ಚಿಕ್ಕಹನುಮಕ್ಕನ ಲೋಟದೊಳಗಿಂದ ಎಂದು ನಂಬಿರುವವರಿದ್ದಾರೆ. ನಂಬದವರು ಬೆಳಿಗ್ಗೆ ಆರೂವರೆಗೆ ಫಿಲ್ಟರ್ ಮನೆಯ ಮುಂದೆ ಬಂದು ನಿಲ್ಲಬೇಕು. ಆಕೆ ಗಾಜಿನ ಲೋಟದಲ್ಲಿ ನೀರು ಹಿಡಿದು, ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಮೂಡಣಕ್ಕೆ ಎತ್ತುತ್ತಾಳೆ. ಸೂರ್ಯ ಅದರೊಳಗೆ ನಡುಗುತ್ತ ಕಾಯುತ್ತಾನೆ. ಆಕೆ "ಹೂಂ" ಅಂದ ಮೇಲೆಯೇ ಅವನಿಗೆ ಮೇಲೇರಲು ಅಪ್ಪಣೆ.

ಬೆಳಕಿಗೆ ಹಿಡಿಯದ ಒಂದು ತೊಟ್ಟು ನೀರೂ ಆಕೆಯ ಗಂಟಲಿಗೆ ಇಳಿದದ್ದಿಲ್ಲ. ಶಿರಾದ ಛತ್ರವೊಂದರ ಮದುವೆಯೂಟದಲ್ಲಿ ಆಕೆ ಲೋಟ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದದ್ದನ್ನು ಕಂಡು ಎದುರು ಸಾಲಿನವರೂ ಎತ್ತಿದರಂತೆ, ಅವರನ್ನು ಕಂಡು ಆಚೆ ಸಾಲಿನವರೂ ಎತ್ತಿದರಂತೆ. ಮುನ್ನೂರು ಲೋಟಗಳು ಒಟ್ಟಿಗೆ ಮೇಲೇರಿದ್ದನ್ನು ನೋಡಿ ಬಡಿಸುವವರು ಸಾರಿನ ಬಕೆಟ್ಟು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದರಂತೆ. ಆಸ್ಪತ್ರೆಯಲ್ಲಿ ನರ್ಸಮ್ಮ ಗ್ಲೂಕೋಸ್ ಬಾಟಲಿಯನ್ನು ಮೊದಲು ಕಿಟಕಿಗೆ ಹಿಡಿದು ತೋರಿಸಿ, ಆಕೆ ಪಾಸು ಮಾಡಿದ ಮೇಲೆಯೇ ಸೂಜಿ ಚುಚ್ಚಿದಳೆಂದೂ ಹೇಳುತ್ತಾರೆ. ಆಕೆಯನ್ನು ಸೋಲಿಸಿದ್ದು ಮಜ್ಜಿಗೆಯೊಂದೇ. ಎಷ್ಟು ಎತ್ತಿದರೂ ಆಚೆಬದಿ ಕಾಣದ ಆ ಪದಾರ್ಥವನ್ನು ಆಕೆ ಕಣ್ಣು ಮುಚ್ಚಿ ಕುಡಿದುಬಿಡುತ್ತಾಳೆ.

ಐವತ್ತೆರಡರ ಚಿಕ್ಕಹನುಮಕ್ಕ ಊರಿನ ಶುದ್ಧ ಕುಡಿಯುವ ನೀರಿನ ಘಟಕವನ್ನು ನಡೆಸುವಾಕೆ. ಊರವರ ಬಾಯಲ್ಲಿ ಅದು ಬರೀ "ಫಿಲ್ಟರ್". ಪಂಚಾಯಿತಿಯವರು ಅದರ ಬೀಗದ ಕೈಯನ್ನು ಆಕೆಯ ಸೊಂಟಕ್ಕೆ ಒಪ್ಪಿಸಿ ಒಂಬತ್ತು ವರ್ಷವಾಯಿತು. ಬೋರಿನ ಫ್ಲೋರೈಡ್ ನೀರು ಕುಡಿದು ಬೆಳೆದ ಆಕೆಯ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ; ನಕ್ಕರೆ ಸೆರಗು ಅಡ್ಡ ಬರುತ್ತದೆ. ಆದರೆ ಊರಿನ ಮಕ್ಕಳು ಬಿಳೀ ಹಲ್ಲು ಬಿಟ್ಟು ಕಿಸಕ್ಕೆಂದರೆ ಸಾಕು, ಅಷ್ಟೂ ಹಲ್ಲನ್ನು ತಾನೇ ಕೂತು ಪಾಲಿಶ್ ಮಾಡಿದವಳ ಹಾಗೆ ನಿಂತು ನೋಡುತ್ತಾಳೆ.

ಇಂಥ ರಾಜ್ಯಭಾರಕ್ಕೆ ಕುತ್ತು ಬಂದದ್ದು ಬಸ್ ಸ್ಟ್ಯಾಂಡಿನ ಮುತ್ತುರಾಜನ ಸಲೂನಿನಿಂದ.

ಸರದಿಗೆ ಕೂತ ಗಿರಾಕಿಗಳು ಬೇಸರ ಬಂದು ಎದ್ದು ಹೋಗುತ್ತಾರೆಂದು ಮುತ್ತುರಾಜ ಶಿರಾದಿಂದ ಗಾಜಿನ ಮೀನುತೊಟ್ಟಿ ತಂದ. ನಾಲ್ಕು ಗೋಲ್ಡ್‌ಫಿಶ್ ಬಿಟ್ಟ. ಕೆರೆಯಂಗಳದಲ್ಲಿ ಬಿದ್ದಿದ್ದ, ಜಿಂಕೆಯ ಕೊಂಬಿನಂತೆ ತಿರುಚಿಕೊಂಡ ಕರಿಜಾಲಿಯ ಬೇರೊಂದನ್ನು ತಂದು ಚೆನ್ನಾಗಿ ಉಜ್ಜಿ ತೊಟ್ಟಿಯ ನಡುವೆ ನಿಲ್ಲಿಸಿದ. ಬಂದವರಿಗೆಲ್ಲ ಕತ್ತರಿ ಆಡಿಸುತ್ತಲೇ, "ಬೋರಿನ ನೀರಲ್ಲ ಕಣ್ರಪ್ಪ, ನನ್ನ ಮೀನೂ ಫಿಲ್ಟರ್ ನೀರೇ ಕುಡಿಯಾದು" ಎಂದು ಕೊಚ್ಚಿಕೊಂಡ.

ನಾಲ್ಕನೆಯ ದಿನ ತೊಟ್ಟಿಯ ನೀರು ಹೋಟೆಲಿನ ಚಹಾದ ಬಣ್ಣಕ್ಕೆ ತಿರುಗಿತು. ವಾರ ತುಂಬುವುದರೊಳಗೆ ಡಿಕಾಕ್ಷನ್ನೇ ಆಯಿತು. ಮೀನುಗಳು ಎಲ್ಲೋ ಇದ್ದವು. ಆಗಾಗ ಗಾಜಿನ ಹತ್ತಿರ ಬಂದು ಮುಖ ತೋರಿಸಿ ಮತ್ತೆ ಕತ್ತಲಿಗೆ ಹೋಗುತ್ತಿದ್ದವು.

ಕತ್ತಿಯ ಕೆಳಗೆ ಕುತ್ತಿಗೆ ಕೊಟ್ಟು ಕೂತವನಿಗೆ ನೋಡಲು ಬೇರೇನಿದೆ? ಎಲ್ಲರೂ ತೊಟ್ಟಿಯನ್ನೇ ನೋಡಿದರು. ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಟ್ರ್ಯಾಕ್ಟರ್ ಮಲ್ಲೇಶ್ ಆ ನೊರೆಯೊಳಗಿಂದಲೇ ತೀರ್ಪು ಕೊಟ್ಟ.

"ಒಂದ್ ವಾರಕ್ಕೆ ಗಾಜಿನ ಪೆಟ್ಗೆಲಿ ಹಿಂಗಾದ್ರೆ, ಒಂಬತ್ ವರ್ಷ ಕುಡ್ದಿರೋ ನಮ್ಮ ಹೊಟ್ಟೆ ಹೆಂಗಾಗಿರ್ಬೇಕ್ಲಾ?"

ನೀರೆಂದರೆ ಈ ಸೀಮೆಯ ಜನ ಮೊದಲೇ ಬೆಚ್ಚಿಬೀಳುವವರು. ಒಬ್ಬ ಹೊಟ್ಟೆ ಸವರಿಕೊಂಡ, ಇನ್ನೊಬ್ಬ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡ. ಸಂಜೆಯ ಹೊತ್ತಿಗೆ ಮಾತು ಊರೆಲ್ಲ ಸುತ್ತಿ ಬಂತು. ಮರುದಿನ ಫಿಲ್ಟರಿನ ಮುಂದೆ ಕ್ಯಾನುಗಳ ಸಾಲು ಅರ್ಧವಾಯಿತು. ಅದರ ಮರುದಿನ ಬಂದದ್ದು ಮೂರೇ ಕ್ಯಾನು. ಉಳಿದವು ಬೈಕಿನ ಎರಡೂ ಬದಿಗೆ ತೂಗುತ್ತ ಪಕ್ಕದೂರಿಗೆ ಹೊರಟವು.

ಪಂಚಾಯಿತಿ ಮೆಂಬರು ಶಂಕರಲಿಂಗಪ್ಪ ಬಂದು ಬಾಗಿಲಲ್ಲಿ ನಿಂತ. "ಹನುಮಕ್ಕ, ನನ್ನ ಬೈಕಂಬೇಡ. ಆಚೆ ಸೋಮ್ವಾರಕ್ಕೆ ಹತ್ತು ದಿನ ಐತೆ. ಅಷ್ಟ್ರೊಳಗೆ ಜನ ವಾಪಸ್ ಬರ್ಲಿಲ್ಲ ಅಂದ್ರೆ ಫಿಲ್ಟರಿಗೆ ಬೀಗ ಹಾಕೋಣ ಅಂತ ಮೀಟಿಂಗಲ್ಲಿ ಎಲ್ರೂ ಅಂದವ್ರೆ."

"ಬೀಗ ಹಾಕುದ್ರೆ ಏನ್ ಕುಡೀತೀರಣ್ಣ?"

"ಮೊದ್ಲು ಕುಡೀತಿರ್ಲಿಲ್ವಾ, ಬೋರಿಂದು?"

ಚಿಕ್ಕಹನುಮಕ್ಕ ನಾಲಿಗೆಯ ತುದಿಯಿಂದ ತನ್ನ ಮುಂದಿನ ಹಲ್ಲುಗಳನ್ನು ಒಮ್ಮೆ ಸವರಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ, ಲೋಟ ಹಿಡಿದು, ದಂಡೆತ್ತಿ ಹೊರಟಳು.

ಮುತ್ತುರಾಜನ ಸಲೂನಿಗೆ ಹೆಂಗಸೊಬ್ಬಳು ಕಾಲಿಟ್ಟದ್ದು ಅದೇ ಮೊದಲು. ಅರ್ಧ ಮೀಸೆ ಹೋಗಿದ್ದ ಮಲ್ಲೇಶ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಆಕೆ ಯಾರ ಮುಖವನ್ನೂ ನೋಡದೆ ತೊಟ್ಟಿಯಿಂದ ಲೋಟ ತುಂಬಿ ಟ್ಯೂಬ್‌ಲೈಟಿಗೆ ಎತ್ತಿದಳು. ಮೂಸಿದಳು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು.

"ಅಯ್ಯೋ ಅಕ್ಕ, ಮೀನು ಉಚ್ಚೆ ಹುಯ್ದಿರ್ತವೆ!" ಎಂದು ಮುತ್ತುರಾಜ ಚೀರಿದ.

ಆಕೆ ಬಾಗಿಲಾಚೆ ಉಗಿದು ಬಂದು ಬೇರಿನ ಕಡೆ ಬೆರಳು ತೋರಿಸಿದಳು. "ಒಗರು ಕಣ್ಲಾ. ಹುಟ್ದಾಗಿಂದ ಜಾಲಿ ಕಡ್ಡೀಲಿ ಹಲ್ಲುಜ್ಜಿದೋಳು ನಾನು, ನಂಗೊತ್ತಾಗಲ್ವಾ? ಬೇರು ಬಣ್ಣ ಬುಡ್ತೈತೆ. ನನ್ನ ನೀರಿನ ತಪ್ಪೇನಿಲ್ಲ."

"ಬಣ್ಣ ಕಾಣ್ತಿರೋದು ನೀರಲ್ಲೇ ತಾನೇ?" ಎಂದ ಟವೆಲಿನೊಳಗಿನ ಮಲ್ಲೇಶ್.

"ಲೇ ಮಲ್ಲೇಶ, ನಮ್ಮ ಹಲ್ಲು ಹಾಳ್ ಮಾಡಿದ ನೀರು ಈ ಕನ್ನಡಿ ಇದ್ದಂಗೆ ಇತ್ತು. ಅದುನ್ನ ಯಾವನೂ ಅನುಮಾನ ಪಡ್ಲಿಲ್ಲ. ಇವತ್ತು ಬಂದ್ಬುಟ್ಟ ದೊಡ್ಡ ಡಾಕ್ಟ್ರು!"

ಪಕ್ಕದ ಅಂಗಡಿಯಿಂದ ಪೆಪ್ಪರಮೆಂಟಿನ ಮೂರು ಖಾಲಿ ಜಾಡಿ ತರಿಸಿದಳು. ಒಂದರಲ್ಲಿ ಫಿಲ್ಟರ್ ನೀರು ಮಾತ್ರ. ಎರಡನೆಯದರಲ್ಲಿ ಫಿಲ್ಟರ್ ನೀರಿನ ಜೊತೆ ಆ ಬೇರಿನದೇ ಒಂದು ಚೂರು. ಮೂರನೆಯದರಲ್ಲಿ ಬೋರಿನ ನೀರು, ಇನ್ನೊಂದು ಚೂರು. ಮೂರನ್ನೂ ಸಲೂನಿನ ಜಗಲಿಯ ಮೇಲಿಟ್ಟು, ಯಾರೂ ಮುಟ್ಟಕೂಡದೆಂದು ಮಲ್ಲೇಶನನ್ನೇ ಕಾವಲು ಹಾಕಿದಳು. ಮೂರು ದಿನ ಬರಗೂರಿನಲ್ಲಿ ಕ್ರಿಕೆಟ್ಟನ್ನು ಯಾರೂ ನೋಡಲಿಲ್ಲ. ಶಿರಾ ಬಸ್ಸಿನ ಕಂಡಕ್ಟರು ಕೂಡ ಇಳಿದು ಬಂದು ಸ್ಕೋರು ಕೇಳಿಕೊಂಡು ಹೋಗುತ್ತಿದ್ದ. ಮೂರನೆಯ ದಿನ ಚೂರು ಬಿದ್ದ ಜಾಡಿಗಳೆರಡೂ ಕಂದಾಗಿ ನಿಂತವು. ಮೊದಲನೆಯದು ಜಾಡಿಯಲ್ಲಿ ನೀರಿದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು.

ಮುತ್ತುರಾಜನಿಗೆ ನಾಚಿಕೆಯಾಯಿತು. "ಬುಡಕ್ಕ, ಈ ದರಿದ್ರ ಬೇರುನ್ನ ಈಗ್ಲೇ ಬಿಸಾಕ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ. ನೀನು ಬಿಸಾಕಿ ಹೊಸ ನೀರು ತುಂಬ್ದೆ ಅಂದ್ರೆ, ನೀರು ಕೆಟ್ಟಿತ್ತು ಅದ್ಕೆ ಬದ್ಲಾಯ್ಸಿದ್ರು ಅಂತ ನಾಳೆ ಈ ಮಲ್ಲೇಶನೇ ಹೇಳ್ಕಂಡು ತಿರುಗ್ತಾನೆ. ಇದೇ ಬೇರು ಒಳಗಿರ್ಬೇಕು, ನೀರೂ ತಿಳಿಯಾಗಿರ್ಬೇಕು. ಆವಾಗ್ಲೇ ಇವುರ ಬಾಯಿ ಮುಚ್ಚಾದು."

ಅಲ್ಲಿಂದ ಮಹಾಯಾಗ ಶುರುವಾಯಿತು. ಆಕೆಯ ಬಚ್ಚಲೊಲೆಯ ಹಂಡೆಗೆ ಬೇರು ಇಳಿಯಿತು. ಮೊದಲ ದಿನ ಎರಡು ಗಂಟೆ ಕುದಿಸಿ ಬಸಿದಾಗ ಬಂದದ್ದು ಕಾಕಂಬಿಯಂಥ ಕಪ್ಪು. ಎರಡನೆಯ ದಿನ ಚಹಾ, ಮೂರನೆಯ ದಿನ ಪುಡಿ ಕಡಿಮೆಯಾದ ಮನೆಯ ಚಹಾ. ನಾಲ್ಕನೆಯ ದಿನ ಬಸಿದ ನೀರನ್ನು ಆಕೆ ಬೆಳಕಿಗೆ ಎತ್ತಿದಾಗ ಆಚೆಬದಿಯಲ್ಲಿ ಮುತ್ತುರಾಜನ ಮೂಗು ಕಂಡಿತು. ಆ ನಾಲ್ಕೂ ದಿನ ಮನೆಯವರಿಗೆ ತಣ್ಣೀರ ಸ್ನಾನ.

ಅತ್ತ ತೊಟ್ಟಿಯ ನೀರನ್ನು ದಿನಕ್ಕೆ ಕಾಲು ಪಾಲಿನಷ್ಟು ತೆಗೆದು ಹೊಸದು ಹಾಕಿದರು. ಎಲ್ಲವನ್ನೂ ಒಟ್ಟಿಗೆ ಚೆಲ್ಲಿದರೆ ಮೀನಿಗೆ ಆಗಿಬರದು. ಆದರೂ ತಿಳಿಹಳದಿಯೊಂದು ಹಟ ಹಿಡಿದು ಕೂತಿತ್ತು. ಆಗ ಚಿಕ್ಕಹನುಮಕ್ಕ ಕೊನೆಯ ಅಸ್ತ್ರ ತೆಗೆದಳು. ಘಟಕದಲ್ಲಿ ನೀರಿನ ಬಣ್ಣ, ವಾಸನೆ ಹೀರಲು ಬಳಸುವ ಕಾರ್ಬನ್ ಹರಳು, ಅಂದರೆ ಇದ್ದಿಲಿನ ನುಚ್ಚು, ಚೀಲದ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ಮಸಿ ಹೋಗುವ ತನಕ ತೊಳೆದಳು. ತುಂಬಲು ತೆಳು ಬಟ್ಟೆಯ ಚೀಲ ಬೇಕಾಯಿತು.

"ಮುತ್ತ, ಕಾಲುಚೀಲ ಐತೇನ್ಲಾ? ಹಾಕ್ದೇ ಇರೋದು."

"ಮದ್ವೇಗೆ ಅತ್ತೆ ಮನೆಯೋರು ಕೊಟ್ಟಿದ್ದು ಐತಕ್ಕ. ಆದ್ರೆ ಅದು..."

"ತತ್ತಾ."

ಮುತ್ತುರಾಜನ ಮದುವೆಯ ಕಾಲುಚೀಲ ಹೊಟ್ಟೆ ತುಂಬ ಇದ್ದಿಲು ತುಂಬಿಕೊಂಡು ತೊಟ್ಟಿಯ ನೀರು ಆಡಿಸುವ ಪುಟ್ಟ ಪಂಪಿನ ಬಾಯಿಗೆ ನೇತುಬಿತ್ತು. ಕುದ್ದು ಹಣ್ಣಾದ ಬೇರು ಮರಳಿ ತನ್ನ ಸಿಂಹಾಸನ ಏರಿತು.

ಸೋಮವಾರ ಬೆಳಿಗ್ಗೆ ಕ್ಷೌರದ ಕುರ್ಚಿಯಲ್ಲಿ ಕೂತ ಮಲ್ಲೇಶ್ ತೊಟ್ಟಿಯ ಕಡೆ ತಿರುಗಿದ. ನಾಲ್ಕು ಮೀನುಗಳೂ ಬಾಲದ ತುದಿಯವರೆಗೆ ಕಂಡವು, ಬೇರಿನ ಗಂಟು ಗಂಟೂ ಕಂಡಿತು. ಆಚೆ ಗೋಡೆಯ ಕ್ಯಾಲೆಂಡರನ್ನು ಅವನು ನೀರಿನ ಮೂಲಕವೇ ಓದಿದ. "ರಾಹುಕಾಲ ಏಳೂವರೆಯಿಂದ ಒಂಬತ್ತು" ಎಂದು ಗಟ್ಟಿಯಾಗಿ ಸಾರಿದ. ಅರ್ಧ ಗಡ್ಡದಲ್ಲೇ ಎದ್ದು ಮನೆಗೆ ಓಡಿ, ಎರಡು ಕ್ಯಾನು ಹಿಡಿದು ಫಿಲ್ಟರಿಗೆ ಬಂದ. ಅವನ ಹಿಂದೆ ಸಲೂನಿನ ಬೆಂಚು ಖಾಲಿಯಾಯಿತು, ಆಮೇಲೆ ಬೀದಿ ಬೀದಿಯಿಂದ ಕ್ಯಾನುಗಳು ಹೊರಟವು. ಹತ್ತು ಗಂಟೆಗೆ ಸಾಲು ಅರಳಿಕಟ್ಟೆ ದಾಟಿತ್ತು.

ಸಾಲಿನಲ್ಲಿ ಶಂಕರಲಿಂಗಪ್ಪನೂ ಇದ್ದ. ತನ್ನ ಸರದಿ ಬಂದಾಗ ಕ್ಯಾನನ್ನು ನಲ್ಲಿಯ ಕೆಳಗಿಟ್ಟು, ಹೆಗಲ ಟವೆಲು ಸರಿಮಾಡಿಕೊಂಡು, ಜನರ ಕಡೆ ತಿರುಗಿ ಭಾಷಣಕ್ಕೆ ನಿಂತ.

"ಮಹಾಜನಗಳೇ, ಬೀಗದ ಮಾತು ಇವತ್ತಿಗೆ ಮುಗೀತು. ಈ ಊರಿನ ನೀರಿನ ಮಾನ ಉಳಿಸಿದ ಮಹಾತಾಯಿ ನಮ್ಮ ಚಿಕ್ಕಹನುಮಕ್ಕ! ಇಂಥ ವಿಜ್ಞಾನಿ ಇಡೀ ಶಿರಾ ತಾಲ್ಲೂಕಲ್ಲೇ ಇಲ್ಲ. ಬರೋ ತಿಂಗ್ಳು ಶಾಲು, ಹಾರ, ಮೈಸೂರು ಪೇಟ ಎಲ್ಲಾ ಹಾಕಿ ಸನ್ಮಾನ ಮಾಡಾನ. ಹೇಳಕ್ಕ, ಜನ ಕಾಯ್ತಾವ್ರೆ, ಎರಡ್ ಮಾತು ಹೇಳು!"

ಸಾಲಿನವರೆಲ್ಲ ಕತ್ತು ಚಾಚಿದರು. ಚಿಕ್ಕಹನುಮಕ್ಕ ಬಗ್ಗಿ ನಲ್ಲಿ ತಿರುಗಿಸಿದಳು.

"ಕ್ಯಾನು ತುಂಬ್ತು ಕಣಣ್ಣ, ಅತ್ಲಾಗೆ ಎತ್ಕ. ಹಿಂದ್ಗಡೆ ಜನ ನಿಂತವ್ರೆ."