ಕೊಟ್ಟ ಕವಚ, ಬಿಚ್ಚದ ಚಿಲಕ

ಯುಗಾದಿ ಕಳೆದ ಮೊದಲನೇ ಭಾನುವಾರ ನಡುಮಧ್ಯಾಹ್ನ, ಬಿಳಿಕೆರೆಯಿಂದ ಒಳಕ್ಕಿರುವ ಒಂದು ಊರಿನ ಸ್ಕೂಲ್ ಮೈದಾನದಲ್ಲಿ, ಪಾಳೇಗಾರನೊಬ್ಬ ತನ್ನ ಉಕ್ಕಿನ ಕವಚವನ್ನು ಸನ್ಯಾಸಿಗೆ ದಾನ ಕೊಡಲು ಒಪ್ಪಿದ. ಕವಚ ಒಪ್ಪಲಿಲ್ಲ.

ಸುದ್ದಿ ಇಷ್ಟೇ. ಕೈಯೊಡ್ಡಿ ನಿಂತಿದ್ದ ಸನ್ಯಾಸಿ ನಾನೇ ಆಗಿದ್ದರಿಂದ ಸುದ್ದಿಮೂಲದ ಬಗ್ಗೆ ಅನುಮಾನ ಬೇಡ. (ಊರಿನ ಹೆಸರು ಬರೆಯುವುದಿಲ್ಲ. ಅದು ನನ್ನ ಹೆಂಡತಿಯ ತವರು. ನಾನು ಇನ್ನೂ ಅಲ್ಲಿ ಊಟ ಮಾಡಬೇಕು.)

ಪಾಳೇಗಾರನ ಪಾರ್ಟು ಮಾಡಿದವರು ನನ್ನ ಹೆಂಡತಿಯ ಅಣ್ಣ ಸ್ವಾಮಣ್ಣ. ಹೊಗೆಸೊಪ್ಪು ಬೆಳೆಯುವ ರೈತ. ಒಳ್ಳೆಯ ಕಂಠ, ಅದಕ್ಕಿಂತ ಒಳ್ಳೆಯ ಹೊಟ್ಟೆ. ಊರಿನ ನಾಟಕಗಳಲ್ಲಿ ಇಷ್ಟು ವರ್ಷ ಅವರಿಗೆ ಸಿಕ್ಕಿದ್ದು ದ್ವಾರಪಾಲಕನ ಪಾತ್ರ ಮಾತ್ರ. ಈಟಿ ಹಿಡಿದು ನಿಲ್ಲುವುದು, 'ಅಪ್ಪಣೆ ಪ್ರಭು' ಅನ್ನುವುದು, ಮತ್ತೆ ನಿಲ್ಲುವುದು. ನೆಂಟರೆಲ್ಲ ಸ್ಟೇಜ್ ಹತ್ತಿ ರಾಜನ ಕೊರಳಿಗೆ ಹಾರ ಹಾಕುವಾಗ ಈಟಿಗೆ ಯಾರು ಹಾರ ಹಾಕುತ್ತಾರೆ? ಈ ವರ್ಷ ಕೊನೆಗೂ ಅವರೇ ಹೀರೋ.

ನಾಟಕ ಡ್ರಾಮಾ ಮೇಷ್ಟ್ರೇ ಬರೆದ ಹೊಸ ಐತಿಹಾಸಿಕ. ಕೇಳಿದವರಿಗೆ ಇಲ್ಲ ಎನ್ನದ ಒಬ್ಬ ಪಾಳೇಗಾರ. ಮೈಮೇಲೆ ಕವಚ ಇರುವವರೆಗೆ ಅವನನ್ನು ಯಾರೂ ಗೆಲ್ಲಲಾರರು. ಶತ್ರು ರಾಜ ಸನ್ಯಾಸಿ ವೇಷದಲ್ಲಿ ಬಂದು ಕವಚವನ್ನೇ ಬೇಡುತ್ತಾನೆ. ಪಾಳೇಗಾರ ಬಿಚ್ಚಿ ಕೊಡುತ್ತಾನೆ, ಮುಂದಿನ ಸೀನಿನಲ್ಲಿ ಸಾಯುತ್ತಾನೆ. ಎಲ್ಲೋ ಕೇಳಿದ ಕತೆಯಂತಿದೆಯಲ್ಲ ಎಂದೆ.

"ಒಳ್ಳೇ ಕತೆಗಳೆಲ್ಲ ಎಲ್ಲೋ ಕೇಳ್ದಂಗೇ ಇರ್ತವೆ ಸಾ" ಎಂದರು ಮೇಷ್ಟ್ರು, ಹಾರ್ಮೋನಿಯಂ ಒರೆಸುತ್ತಾ.

ಇಲ್ಲಿ ಸ್ವಲ್ಪ ಹಿನ್ನೆಲೆ ಕೊಡಬೇಕು. (ಹಿನ್ನೆಲೆ ಇಲ್ಲದ ಸುದ್ದಿಯನ್ನು ನಮ್ಮ ಪತ್ರಿಕೆಯ ಡೆಸ್ಕಿನವರು ವಾಪಸ್ ಎಸೆಯುತ್ತಾರೆ.) ಕೇಳಿದವರಿಗೆ ಇಲ್ಲ ಎನ್ನದ ಈ ಪಾಳೇಗಾರರು ತಮ್ಮ ಸ್ವಂತ ತಮ್ಮ ಶಿವಣ್ಣನಿಗೆ ಒಂದು ಗಾಡಿ ದಾರಿ ಬಿಟ್ಟಿರಲಿಲ್ಲ. ಮನೆ ಭಾಗವಾದಾಗ ರಸ್ತೆ ಕಡೆಯ ಹೊಲ ಅಣ್ಣನಿಗೆ, ಅದರ ಹಿಂದಿನದು ತಮ್ಮನಿಗೆ ಬಂತು. ಬದುವಿನ ಪಕ್ಕ ಇದ್ದ ದಾರಿಯನ್ನು ಸ್ವಾಮಣ್ಣ ಒಂದು ಬೆಳಿಗ್ಗೆ ಉತ್ತು ತಮ್ಮ ಹೊಲಕ್ಕೆ ಸೇರಿಸಿಕೊಂಡರು. ಅಂದಿನಿಂದ ಶಿವಣ್ಣ ಹಸಿ ಹೊಗೆಸೊಪ್ಪನ್ನು ತಲೆಯ ಮೇಲೆ ಹೊತ್ತು, ಕೆರೆ ಏರಿ ಸುತ್ತಿ ತರುತ್ತಾನೆ. ಅವನಿಗೆ ಟ್ರ್ಯಾಕ್ಟರ್ ಇದೆ. ಅದು ಊರವರ ಹೊಲಗಳನ್ನೆಲ್ಲ ಉಳುತ್ತದೆ, ಅವನದೊಂದನ್ನು ಬಿಟ್ಟು.

ಪಂಚಾಯ್ತಿ ಆಯಿತು. ನೆಂಟರು ಹೇಳಿದ್ದಾಯಿತು. ನಾನೂ ಒಮ್ಮೆ ಬಾಯಿ ಹಾಕಿದೆ.

"ಇವತ್ತು ದಾರಿ ಅಂತಾನೆ, ನಾಳೆ ಕರೆಂಟ್ ಕಂಬ ನೆಡ್ತೀನಿ ಅಂತಾನೆ. ಬುಡಿ ಬಾವ, ನಿಮ್ಗೆ ಗೊತ್ತಾಗಾಕಿಲ್ಲ" ಎಂದರು ಸ್ವಾಮಣ್ಣ.

ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು. ಅವರ ತಾಯಿ, ಅಂದರೆ ನನ್ನ ಅತ್ತೆ, ಎರಡೂ ಮನೆಯಲ್ಲಿ ಊಟ ಮಾಡುತ್ತಿದ್ದರು. ಯಾವ ಮನೆಯಲ್ಲೂ ಹೊಟ್ಟೆ ತುಂಬ ಮಾಡುತ್ತಿರಲಿಲ್ಲ.

ಇನ್ನು ಕವಚದ ವಿಷಯ. ಊರಿನ ನಾಟಕಕ್ಕೆ ಡ್ರೆಸ್ಸು ಮೈಸೂರಿನಿಂದ ಬಾಡಿಗೆಗೆ ಬರುತ್ತದೆ. ಕವಚ ಎಂದರೆ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಕಾಗದ. ಹೋದ ವರ್ಷ ಹಾಡುವ ರಾಜನ ಬೆವರಿಗೆ ರಟ್ಟು ನೆನೆದು ಹಸಿ ಹಪ್ಪಳದಂತೆ ಜೋತುಬಿತ್ತು. ಪಕ್ಕದಲ್ಲೇ ಈಟಿ ಹಿಡಿದು ನಿಂತಿದ್ದ ಸ್ವಾಮಣ್ಣ ಅದನ್ನು ಹತ್ತಿರದಿಂದ ನೋಡಿದ್ದರು. ಹೀರೋ ಆದ ಮೇಲೆ ಬಿಳಿಕೆರೆಯ ಎಸ್‌ಟಿಡಿ ಬೂತಿನಿಂದ ನನಗೆ ಫೋನ್ ಬಂತು.

"ಬಾವ, ನಾನು ರಟ್ಟು ಹಾಕ್ಕಳಾಕಿಲ್ಲ. ಐತಿಹಾಸಿಕ ಅಂದ್ಮೇಲೆ ಐತಿಹಾಸಿಕ. ಸ್ಟೀಲ್‌ದೇ ಮಾಡುಸ್ತಿವ್ನಿ."

ಮಾಡಿದವನು ಬಿಳಿಕೆರೆ ರಸ್ತೆ ಬದಿಯ ವೆಲ್ಡರ್ ರಾಜಣ್ಣ. ಅವನು ಮಾಡುವುದು ಕಿಟಕಿ ಗ್ರಿಲ್ಲು, ಗೇಟು ಮತ್ತು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಗೆ ಪೈಪು. ಒಳಗೆ ಮನುಷ್ಯ ಇರುವ ಸಾಮಾನು ಅವನು ಎಂದೂ ಮಾಡಿರಲಿಲ್ಲ. ಅದು ಅವನನ್ನೇನೂ ಅಧೀರನನ್ನಾಗಿ ಮಾಡಲಿಲ್ಲ.

ಹುಣಸೂರಿಗೆ ಹೋಗುವಾಗ ಒಂದು ದಿನ ನಾನೂ ಇಳಿದು ನೋಡಿದೆ. ಎದೆಗೆ ಮಿಂಚುವ ಸ್ಟೀಲು, ನಡುವೆ ಕಿಟಕಿ ಗ್ರಿಲ್ಲಿನ ಅದೇ ಉದಯಿಸುವ ಸೂರ್ಯ. ಬೆನ್ನಿಗೆ ಬ್ಯಾರನ್ ಪೈಪಿನ ತಗಡು. (ಬೆನ್ನನ್ನು ಜನ ನೋಡುವುದಿಲ್ಲವಲ್ಲ.) ತೋಳುಗಳಂತೂ ಸಾಕ್ಷಾತ್ ಪೈಪೇ. ಎಡಪಕ್ಕೆಗೆ ಗೇಟಿನ ಕೀಲು, ಬಲಪಕ್ಕೆಗೆ ಕೈ ಇಳಿಬಿಟ್ಟರೆ ಸಿಗುವಂತೆ ಗೇಟಿನ ಚಿಲಕ, ಎರಡು ಭುಜದ ಮೇಲೆ ಒಂದೊಂದು ಬೋಲ್ಟು. ಬೆನ್ನಿನ ಮೇಲೆ ವೆಲ್ಡಿಂಗಿನಲ್ಲೇ ಬರೆದ ಅಕ್ಷರ: 'ರಾಜಣ್ಣ ವೆಲ್ಡಿಂಗ್, ಗೇಟು ಗ್ರಿಲ್ಲು ಮಾಡಿಕೊಡಲಾಗುವುದು.'

"ಇದು ಹಾಕ್ಕೊಂಡ್ರೆ ಕೈ ಎತ್ತೋಕಾಗುತ್ತಾ?" ಎಂದೆ.

"ಯಾಕ್ ಎತ್ತಬೇಕು ಸಾ? ಏಟೇ ಬೀಳಾಕಿಲ್ವಲ್ಲ."

ಕವಚದ ಉದ್ದೇಶದ ಬಗ್ಗೆ ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆ ಕಡೆ ಕೇಳಿಲ್ಲ.

ಅಳತೆ ಕೊಡುವಾಗ ಒಂದು ತಪ್ಪಾಗಿತ್ತು. ತಪ್ಪು ರಾಜಣ್ಣನದಲ್ಲ. ಟೇಪು ಸುತ್ತುವಾಗ ಸ್ವಾಮಣ್ಣ ಉಸಿರು ಒಳಗೆಳೆದು ಹೊಟ್ಟೆಯನ್ನು ಬೆನ್ನಿಗಂಟಿಸಿಕೊಂಡು ನಿಂತಿದ್ದರು. ಪಾಳೇಗಾರರಿಗೆ ಹೊಟ್ಟೆ ಇರುತ್ತದೆಯೇ? ಬಟ್ಟೆಯಾದರೆ ದರ್ಜಿ ಒಂದು ಹೊಲಿಗೆ ಬಿಚ್ಚಿಕೊಡುತ್ತಾನೆ. ತಗಡು ಕೊಟ್ಟ ಅಳತೆಯನ್ನು ನಂಬುತ್ತದೆ.

ನನ್ನ ಪಾತ್ರ ಕೊನೇ ಗಳಿಗೆಯದು. ನಾನು ಹೋಗಿದ್ದು ಮುಖ್ಯ ಅತಿಥಿಯಾಗಿ. ಸನ್ಯಾಸಿಯಾಗಬೇಕಿದ್ದವನಿಗೆ ಮಂಗನಬಾವು ಬಂದು ಮುಖ ಕುಂಬಳಕಾಯಿಯಾಗಿತ್ತು.

"ನೀವೇ ಮಾಡ್ಬುಡಿ ಬಾವ" ಎಂದರು ಸ್ವಾಮಣ್ಣ. "ಹಾಡಿಲ್ಲ, ಕುಣ್ತ ಇಲ್ಲ. ಬರೀ ಕೇಳೋ ಪಾರ್ಟು. ಪೇಪರ್‌ನೋರು, ಕೇಳೋದು ನಿಮ್ ಕಸ್ಬೇ ಅಲ್ವಾ?"

ಕಾವಿ ಉಟ್ಟೆ.

ನಾಟಕ ಹಗಲಿನಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ಹೋದ ವರ್ಷ ರಾತ್ರಿ ಯುದ್ಧದ ಮಧ್ಯೆ ಕರೆಂಟು ಹೋಗಿ, ಎರಡೂ ಸೈನ್ಯ ಕತ್ತಲಲ್ಲಿ ಬೀಡಿ ಹಚ್ಚಿ ಕೂತಿದ್ದಾಗ ಜನ ಎದ್ದು ಮನೆಗೆ ಹೋಗಿದ್ದರು. ಹಗಲಿಗೆ ಕರೆಂಟಿನ ಹಂಗಿಲ್ಲ, ಮೈಕಿಗೆ ಜನರೇಟರ್ ಸಾಕು. ಆದರೆ ಹಗಲಿನಲ್ಲಿ ಬಿಸಿಲಿರುತ್ತದೆ ಎಂಬುದನ್ನು ಕಮಿಟಿ ಗಮನಿಸಿರಲಿಲ್ಲ. ಶಾಮಿಯಾನ ಪ್ರೇಕ್ಷಕರಿಗಿತ್ತು. ಸ್ಟೇಜಿಗೆ ಸೂರ್ಯ ನೇರ.

ಬೆಳಿಗ್ಗೆ ಹಬ್ಬದ ಮಿಕ್ಕ ಹೋಳಿಗೆ ತಿಂದಿದ್ದ ಸ್ವಾಮಣ್ಣನನ್ನು ರಾಜಣ್ಣ ಮತ್ತಿಬ್ಬರು ಸೇರಿ ಒಳಗೆ ಹಾಕಿದರು. ಒಬ್ಬ ಹೊಟ್ಟೆ ಒತ್ತಿದ, ಒಬ್ಬ ತಗಡು ಒತ್ತಿದ, ರಾಜಣ್ಣ ಚಿಲಕ ಜಡಿದ. ಪಾಳೇಗಾರ ಮಿಂಚಿದ. ನಿಜ ಹೇಳಬೇಕು: ಆ ಕ್ಷಣಕ್ಕೆ ನನಗೂ ಮೈ ಜುಮ್ಮೆಂದಿತು.

ಆಮೇಲಿನದು ವರದಿ.

ಸ್ಟೇಜ್ ಹತ್ತುವ ಮುಂಚೆ ತಾಯಿಯ ಕಾಲಿಗೆ ಬೀಳಬೇಕು. ಪಾಳೇಗಾರ ಬಗ್ಗಲಾರ. ಅತ್ತೆಯನ್ನೇ ಎರಡು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಸಭೆಗೆ ಕೈ ಮುಗಿಯಬೇಕು. ಮೊಣಕೈ ಮಡಚುವುದಿಲ್ಲ, ಅಂಗೈಗಳು ಕೂಡುವುದಿಲ್ಲ. ಬಟ್ಟೆ ಅಳೆಯುವವನಂತೆ ಎರಡು ಕೈ ಚಾಚಿದ. ಸಿಂಹಾಸನದಲ್ಲಿ ಕೂತರೆ ತಗಡಿನ ಅಂಚು ತೊಡೆಗೆ ಚುಚ್ಚುತ್ತದೆ. ಹಾಗಾಗಿ ರಾಜ ನಿಂತ, ದ್ವಾರಪಾಲಕನೂ ನಿಂತ. ವ್ಯತ್ಯಾಸವೆಂದರೆ ದ್ವಾರಪಾಲಕನಿಗೆ ಕಾಲು ನೋಯಲಿಲ್ಲ, ಅವನು ಆಗಾಗ ಈಟಿಗೆ ಒರಗುತ್ತಿದ್ದ.

ಹಾಡಲು ಉಸಿರು ಬೇಕು, ಉಸಿರಿಗೆ ಜಾಗ ಬೇಕು. ಮೊದಲ ಪದ್ಯದ ಎತ್ತರದ ಸ್ವರ ಕವಚದ ಒಳಗೇ ಉಳಿಯಿತು. ಮೈಕ್‌ಸೆಟ್ಟಿನವನು ಬಂದು, "ಅಣ್ಣ, ಮೈಕ್ ಕಂಬಿ ಮುಟ್ಬೇಡಿ. ಶಾಕ್ ಹೊಡ್ದ್ರೆ ನಾನ್ ಜವಾಬ್ದಾರಿ ಅಲ್ಲ" ಎಂದು ಅವರನ್ನು ದೂರ ನಿಲ್ಲಿಸಿದ. ಅಲ್ಲಿಗೆ ಹೀರೋನ ಮಾತು ಜನರಿಗೆ ಕೇಳುವುದು ನಿಂತಿತು. ತಗಡಿನ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಪರದೆ ಬಿದ್ದಾಗ ಸ್ಟ್ರಾ ಹಾಕಿ ಸೋಡಾ ಕುಡಿಸಿದೆವು.

"ಹೇಗಿದೆ ಬಾವ?" ಎಂದೆ.

"ಒಳಗೆ ಬ್ಯಾರನ್ ಉರೀತಾ ಐತೆ ಬಾವ. ಸೊಪ್ಪಾಗಿದ್ರೆ ಇಷ್ಟೊತ್ಗೆ ಗ್ರೇಡ್ ಆಗೋಗಿರ್ತಿದ್ದೆ."

"ಬಿಚ್ಚಿಬಿಡೋಣ್ವಾ?"

"ಬಿಚ್ಚಿದ್ಮೇಲೆ ದಾನ ಏನ್ ಕೊಡ್ಲಿ?" ಎಂದರು. ಅದೂ ಸರಿಯೇ.

ಆದರೆ ಹಾನಿ ಅಷ್ಟರಲ್ಲೇ ಆಗಿಹೋಗಿತ್ತು. ಮೊದಲ ಸೀನಿನಲ್ಲಿ ಗೆದ್ದು ಬಂದ ಪಾಳೇಗಾರನನ್ನು ಸೇನಾಪತಿ ತಬ್ಬಿಕೊಳ್ಳಬೇಕು. ಸೇನಾಪತಿಯಾದವನು ಗರಡಿಯ ಹುಡುಗರಿಗೆ ಪಟ್ಟು ಹೇಳಿಕೊಡುವ ಆಸಾಮಿ. ಅವನು ಅಭಿನಯಿಸಲಿಲ್ಲ, ತಬ್ಬಿಯೇಬಿಟ್ಟ. ಬಲಪಕ್ಕೆಯಿಂದ 'ಟಣ್' ಎಂದಿತು. ಜನ ಚಪ್ಪಾಳೆ ತಟ್ಟಿದರು.

ನನ್ನ ಸೀನು ಬಂತು. ಬೇಡಿದೆ. ಪಾಳೇಗಾರ ಆಕಾಶ ನೋಡಿ "ಕೊಟ್ಟೆ!" ಎಂದ. ಹೆಂಗಸರು ಸೆರಗು ಕಣ್ಣಿಗೆ ತಂದರು. ಪಾಳೇಗಾರ ಚಿಲಕಕ್ಕೆ ಕೈ ಹಾಕಿದ. ಎಳೆದ. ಮತ್ತೆ ಎಳೆದ. ಸೆರಗುಗಳು ಕೆಳಗಿಳಿದವು.

"ನೀವೂ ಎಳೀರಿ ಬಾವ" ಎಂದು ಹಲ್ಲು ಕಚ್ಚಿ ಹೇಳಿದರು. ಎಳೆದೆ. ಕವಚ ಬಂತು, ಸ್ವಾಮಣ್ಣನ ಸಮೇತ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದೇ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸಿದರು.

"ಕೊಡಾಕೆ ಮನಸಿಲ್ಲ ಕಣ್ಲಾ ಅವ್ನಿಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮೈದಾನ ನಕ್ಕಿತು. ಸ್ವಾಮಣ್ಣನ ಮುಖದ ಬಣ್ಣ ಬೆವರಿನಲ್ಲಿ ಇಳಿಯುತ್ತಿತ್ತು. ಇಷ್ಟು ವರ್ಷ ಈಟಿ ಹಿಡಿದು ಕಾದಿದ್ದ ಸೀನು ಇದೇ.

ರಾಜಣ್ಣ ಸ್ಟೇಜ್ ಹತ್ತಿ ಪರೀಕ್ಷೆ ಮಾಡಿದ.

"ಚಿಲ್ಕ ಬಗ್ಗೋಗೈತೆ. ಭುಜದ್ ಬೋಲ್ಟ್ ಬಿಚ್ಬೇಕು. ಸ್ಪ್ಯಾನರ್ ಅಂಗ್ಡೀಲೈತೆ. ಇಲ್ಲಾಂದ್ರೆ ಗ್ಯಾಸ್ ಕಟಿಂಗ್ ಮಾಡ್ಬೋದು."

"ಒಳ್ಗೆ ನಾನಿವ್ನಿ ಕಣಯ್ಯಾ!" ಎಂದ ಪಾಳೇಗಾರ.

ಊರಿನಲ್ಲಿ ಸ್ಪ್ಯಾನರ್ ಸೆಟ್ ಇರುವುದು ಒಬ್ಬನ ಹತ್ತಿರ. ಟ್ರ್ಯಾಕ್ಟರ್ ಇರುವವನ ಹತ್ತಿರ.

ಶಿವಣ್ಣ ಶಾಮಿಯಾನದ ಹಿಂದಿನಿಂದ ಎದ್ದ. ಹೋಗಿ ಸ್ಪ್ಯಾನರ್ ತಂದ. ಲುಂಗಿ ಎತ್ತಿ ಕಟ್ಟಿ ಸ್ಟೇಜ್ ಹತ್ತಿದ. ಅಣ್ಣನ ಭುಜದ ಬೋಲ್ಟಿಗೆ ಸ್ಪ್ಯಾನರ್ ಕೂರಿಸಿ ಅರ್ಧ ಸುತ್ತು ತಿರುಗಿಸಿದ.

"ಶಿವಣ್ಣಾ, ನಿಂದೂ ಒಂದ್ ಕೇಳ್ಬುಡ್ಲಾ! ಇನ್ಯಾವತ್ತು ಸಿಗ್ತಾನೆ?" ಮತ್ತೆ ಅದೇ ಹಿಂದಿನ ದನಿ.

ಈ ಸಲ ಯಾರೂ ನಗಲಿಲ್ಲ. ಶಿವಣ್ಣನ ಕೈ ನಿಂತಿತು. ದಾರಿ ಕೇಳಲಿಲ್ಲ. ಸ್ಪ್ಯಾನರನ್ನು ಬೋಲ್ಟಿನಿಂದ ತೆಗೆದು ಲುಂಗಿಗೆ ಒರೆಸತೊಡಗಿದ.

"ಬಿಚ್ಚೋ" ಎಂದರು ಸ್ವಾಮಣ್ಣ. ಎಷ್ಟೋ ಕಾಲದ ಮೇಲೆ ತಮ್ಮನ ಜೊತೆ ಆಡಿದ ಮೊದಲ ಮಾತು.

"ಬಿಚ್ತೀನಿ ಬುಡಣ್ಣ. ನಂಗೇನ್ ಅರ್ಜೆಂಟಿಲ್ಲ. ಕೆರೆ ಏರಿ ಸುತ್ತಿ ಸುತ್ತಿ ನಿಧಾನ ರೂಢಿ ಆಗೋಗೈತೆ."

ಆಗ ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು.

"ಲೋ ಸ್ವಾಮೀ, ಕಾವಿ ಉಟ್ಕೊಂಡ್ ಬಂದ ಅಳಿಯಂಗೆ ಕೊಡ್ತೀನಿ ಅಂದ್ಯಲ್ಲ. ಒಡುಟ್ಟಿದೋನು ಹಿಂದುಗಡೆ ನಿಂತವ್ನೆ, ಕಾಣಾಕಿಲ್ವೇನ್ಲಾ? ಒಂದ್ ಗಾಡಿ ದಾರಿ ಕಣ್ಲಾ!"

ನಾನು ಇಬ್ಬರ ನಡುವೆ ಕೈಯೊಡ್ಡಿಕೊಂಡೇ ನಿಂತಿದ್ದೆ, ಇಳಿಸಬಹುದೆಂದು ಹೊಳೆಯಲಿಲ್ಲ. ಸ್ವಾಮಣ್ಣ ತಾಯಿಯನ್ನು ನೋಡಿದರು, ಸೂರ್ಯನನ್ನು ನೋಡಿದರು, ಶಾಕಿನ ಭಯ ಬಿಟ್ಟು ಮೈಕಿನ ಹತ್ತಿರ ಬಂದರು.

"ಕೊಟ್ಟೆ!"

"ಒನ್ಸ್ ಮೋರ್!" ಎಂದಿತು ಮೈದಾನ. ಒನ್ಸ್ ಮೋರ್ ಬಂದರೆ ಹಿಂದೆಗೆಯುವ ನಟ ಈ ಸೀಮೆಯಲ್ಲಿ ಇದ್ದಾನೆಯೇ? "ತಮ್ಮನಿಗೆ ದಾರಿ ಕೊಟ್ಟೆ!" ಎಂದು ಎರಡನೇ ಸಲ ಇನ್ನೂ ಜೋರಾಗಿ ಹೇಳಿದರು. ಹಾರಗಳು ಬಂದವು. ಬೋಲ್ಟು ಬಿಚ್ಚಿತು. ಕವಚ ನನ್ನ ಕೈಗೆ ಬರದೆ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. (ಉಗುರು ಇನ್ನೂ ಕಪ್ಪಗಿದೆ.) ಮುಂದಿನ ಸೀನಿನಲ್ಲಿ ನಾನು ಕುಂಟುತ್ತ ಹೋಗಿ ಕತ್ತಿ ಎತ್ತುವ ಮೊದಲೇ ಪಾಳೇಗಾರ ಒದ್ದೆ ಬನಿಯನ್ನಿನಲ್ಲಿ ನೆಲಕ್ಕೆ ಬಿದ್ದು, ಕಾಲು ಚಾಚಿ, ಹಾಯಾಗಿ ಸತ್ತ.

ಇದನ್ನು ಆ ವಾರವೇ ಬರೆಯಬಹುದಿತ್ತು. ಎರಡೂ ಕಡೆಯ ಹೇಳಿಕೆ ಬರಲಿ ಎಂದು ಕಾದೆ. ಬಂದಿವೆ.

ಸ್ವಾಮಣ್ಣ: "ಕೊಟ್ಟೋನು ಪಾಳೇಗಾರ ಕಣ್ರೀ ಬಾವ, ನಾನಲ್ಲ. ಅದೇ ನಾಟ್ಕದಲ್ಲಿ ಸತ್ತೂ ಇವ್ನಿ. ಅಂಗಂತ ನಂಗೆ ತಿಥಿ ಮಾಡ್ಬುಟ್ರಾ?"

ಶಿವಣ್ಣ: "ಮೊದ್ಲು ಯೋಳಿದ್ದು ನಾಟ್ಕ ಅಂತ್ಲೇ ಮಡಿಕ್ಕಳಿ. ಎರಡ್ನೇ ಸಲ 'ತಮ್ಮನಿಗೆ' ಅಂದ್ನಲ್ಲ, ಅದನ್ನ ಮೇಷ್ಟ್ರು ಬರ್ಕೊಟ್ಟಿದ್ರಾ ಬಾವ?"

ಮೇಷ್ಟ್ರು: "ನನ್ ನಾಟ್ಕದಲ್ಲಿ ಗಾಡಿ ದಾರಿ ಇಲ್ಲ ಸಾ. ಆದ್ರೆ ಸೇರುಸ್ಬೋದು. ಕ್ಲ್ಯಾಪ್ಸ್ ಚೆನ್ನಾಗ್ ಬಂತು."

ಅತ್ತೆ ಯಾವ ಹೇಳಿಕೆಯನ್ನೂ ಕೊಡಲಿಲ್ಲ. ದೊಡ್ಡ ಮಗನ ಮನೆಗೆ ಊಟಕ್ಕೆ ಹೋಗುವುದನ್ನು ನಿಲ್ಲಿಸಿದರು. ಸ್ವಾಮಣ್ಣ ಕೆಲವು ದಿನ ತಡೆದರು. ಆಮೇಲೆ ಒಂದು ಬೆಳಿಗ್ಗೆ ತಾವೇ ಹೋಗಿ ಬದುವಿನ ಪಕ್ಕ ಗಾಡಿ ಅಗಲಕ್ಕೆ ದಾರಿ ಬಿಟ್ಟು ಬಂದರು. ಆ ಮಧ್ಯಾಹ್ನ ಅತ್ತೆ ಅಲ್ಲಿ ಉಂಡರು.

ಹೋದ ವಾರ ಹೋಗಿ ನೋಡಿಬಂದೆ. ದಾರಿ ಇದೆ. ಟ್ರ್ಯಾಕ್ಟರಿನ ಚಕ್ರದ ಗುರುತೂ ಇದೆ. ದಾರಿಯ ಬಾಯಿಗೆ ಸ್ವಾಮಣ್ಣ ಹೊಸ ಗೇಟು ಹಾಕಿಸಿದ್ದಾರೆ, ರಾಜಣ್ಣನ ಕೆಲಸ. ನಡುವೆ ಕವಚದ ಎದೆಯ ಭಾಗ, ಉದಯಿಸುವ ಸೂರ್ಯನ ಸಮೇತ. ಬಗ್ಗಿದ್ದ ಚಿಲಕವನ್ನು ನೆಟ್ಟಗೆ ಮಾಡಿ ಅದಕ್ಕೇ ಹಾಕಿದ್ದಾರೆ. ಗೇಟನ್ನು ಕಂಬಕ್ಕೆ ಹಿಡಿದಿರುವುದು ಅವೇ ಭುಜದ ಬೋಲ್ಟುಗಳು.

ಚಿಲಕ ಸ್ವಾಮಣ್ಣನ ಹೊಲದ ಕಡೆಗಿದೆ. ಸ್ಪ್ಯಾನರು ಶಿವಣ್ಣನ ಜೇಬಿನಲ್ಲಿದೆ.