ಪರದೆಯ ಹಿಂದಿನ ಖಾಲಿ ತಟ್ಟೆ

ಎರಡು ವರ್ಷದ ಹಿಂದಿನ ರಂಜಾನ್ ತಿಂಗಳು. ಆಗ ನಾನು ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಮೂರು ತಿಂಗಳ ಒಪ್ಪಂದದ ಮೇಲೆ ನರ್ಸ್ ಆಗಿದ್ದೆ. ನನ್ನಂಥವರಿಗೆ ಕಾಯಂ ವಾರ್ಡ್ ಎಂಬುದಿಲ್ಲ. ಎಲ್ಲಿ ನರ್ಸುಗಳು ಕಡಿಮೆಯೋ ಅಲ್ಲಿಗೆ ನಮ್ಮನ್ನು ಕೆಲಸಕ್ಕಿಟ್ಟ ಏಜೆನ್ಸಿಯವರು ಕಳಿಸುತ್ತಾರೆ. ಔಷಧಿ ಕಪಾಟು ಎಲ್ಲಿದೆ, ಯಾವ ಡಾಕ್ಟರಿಗೆ ಬೇಗ ಸಿಟ್ಟು ಬರುತ್ತದೆ ಎಂದು ತಿಳಿಯುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತಾಗಿರುತ್ತದೆ.

ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಇರುವ ವಾರ್ಡ್ ಅದು. ಅಲ್ಲಿನ ಇನ್‌ಚಾರ್ಜ್ ಗ್ರೇಸ್ ಎಂಬ ಫಿಲಿಪೀನ್ಸಿನ ಸಿಸ್ಟರ್. ರಂಜಾನಿನಲ್ಲಿ ಇನ್ಸುಲಿನ್ ಕೊಟ್ಟ ಮೇಲೆ ರೋಗಿ ತಿನ್ನುವುದನ್ನು ಕಣ್ಣಾರೆ ನೋಡಬೇಕು, ಆಮೇಲೆಯೇ ಚಾರ್ಟಿನಲ್ಲಿ ಬರೆಯಬೇಕು ಎಂದು ಮೊದಲ ದಿನವೇ ಹೇಳಿದ್ದರು. ಹತ್ತು ವರ್ಷ ಸರ್ವಿಸ್ ಆದ ನನಗೆ ಇದನ್ನೂ ಹೇಳಿಕೊಡಬೇಕೇ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ಆ ವಾರ್ಡಿನಲ್ಲಿ ಸಿಕ್ಕಿದವರು ಹಸನಾಕ ಎಂಬ ಹಿರಿಯರು. ಬಂಟ್ವಾಳದ ಕಡೆಯವರು, ಎಪ್ಪತ್ತರ ಆಸುಪಾಸು. ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿ ಬಹಳ ವರ್ಷ ದುಡಿದು, ಈಗ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮಗನ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಆಪರೇಷನ್ ಆಗಿತ್ತು. ಈ ಸಲ ಉಪವಾಸ ಬೇಡವೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಾನು ಪುತ್ತೂರಿನವಳು ಎಂದು ಗೊತ್ತಾದದ್ದೇ ತಡ, ನಮ್ಮಿಬ್ಬರಿಗೂ ಮಾತೇ ಮಾತು. ಊರಿನ ಕನ್ನಡ ಕಿವಿಗೆ ಬಿದ್ದು ಎಷ್ಟೋ ತಿಂಗಳಾಗಿದ್ದ ನನಗೆ ಆ ಕೋಣೆಗೆ ಹೋಗುವುದೆಂದರೆ ಖುಷಿ.

ಅಂದು ಬೆಳಿಗ್ಗೆ ತಿಂಡಿಯ ಟ್ರೇ ಬಂತು. ನಾನು ಇನ್ಸುಲಿನ್ ಚುಚ್ಚಿದೆ. ಪಕ್ಕದ ಹಾಸಿಗೆಯವರು ಉಪವಾಸವಿದ್ದರು. ಅವರೆದುರು ಹಗಲಿನಲ್ಲಿ ತಿನ್ನಲು ಹಸನಾಕನಿಗೆ ಮುಜುಗರವಾಗಬಹುದೆಂದು ನಾನೇ ಪರದೆ ಎಳೆದೆ.

"ನೀನು ಹೋಗು ಮಗಾ, ನಾನು ತಿಂತೇನೆ" ಅಂದರು.

ನಾನು ಹೋದೆ. ಮರಳಿ ಬಂದಾಗ ತಟ್ಟೆ ಖಾಲಿ. ತಿಂದಿರಾ ಎಂದು ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದರು. 'ಪೂರ್ತಿ ತಿಂದಿದ್ದಾರೆ' ಎಂದು ಬರೆದೆ.

ಒಂದೂವರೆ ಗಂಟೆಯೂ ಆಗಿರಲಿಲ್ಲ. ಡ್ರೆಸ್ಸಿಂಗ್ ಬದಲಿಸಲು ಹೋದರೆ ಹಸನಾಕ ಬೆವರಿನಲ್ಲಿ ತೊಯ್ದುಹೋಗಿದ್ದರು. ಕೈ ನಡುಗುತ್ತಿತ್ತು. ನನ್ನ ಗುರುತೂ ಹತ್ತಲಿಲ್ಲ. ಸಕ್ಕರೆ ನೋಡಿದೆ, ಎಪ್ಪತ್ತರ ಮೇಲಿರಬೇಕಾದದ್ದು ನಲವತ್ತಕ್ಕಿಂತ ಕಡಿಮೆ. ಕರೆಗಂಟೆ ಒತ್ತಿದೆ. ಗ್ರೇಸ್ ಓಡಿ ಬಂದರು, ಡಾಕ್ಟರು ಬಂದರು, ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟೆವು. ಅವರು ಕಣ್ಣು ತೆರೆದು "ಎಂತಾಯ್ತು ಮಗಾ?" ಎಂದು ಕೇಳುವವರೆಗಿನ ಆ ಕೆಲವು ನಿಮಿಷ ನಾನು ಹೇಗೆ ನಿಂತಿದ್ದೆನೋ ಈಗಲೂ ಗೊತ್ತಿಲ್ಲ.

ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ಎಲ್ಲವೂ ಇತ್ತು. ಬ್ರೆಡ್, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಟಿಶ್ಯೂ ಪೇಪರಿನಲ್ಲಿ ನೀಟಾಗಿ ಸುತ್ತಿಟ್ಟದ್ದು. ಸಂಜೆ ಉಪವಾಸದ ನೋಂಬು ಬಿಡುವಾಗ ತಿನ್ನಲಿಕ್ಕೆ.

"ಸಣ್ಣದರಿಂದ ಒಂದು ನೋಂಬು ತಪ್ಪಿಸಿದವ ಅಲ್ಲ ನಾನು. ಮಗನಿಗೆ ಹೇಳ್ಬೇಡ" ಅಂದರು. ದನಿಯಲ್ಲಿ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಿತ್ತು.

ಗ್ರೇಸ್ ನನ್ನನ್ನು ಬಯ್ಯಲಿಲ್ಲ. ವರದಿಯ ಫಾರಂ ಮುಂದಿಟ್ಟು ಹೋದರು. ಬಯ್ದಿದ್ದರೇ ಚೆನ್ನಾಗಿತ್ತು. 'ರೋಗಿ ಆಹಾರ ಅಡಗಿಸಿಟ್ಟಿದ್ದರು' ಎಂದಷ್ಟೇ ಬರೆದರೆ ಸುಳ್ಳೇನೂ ಆಗುತ್ತಿರಲಿಲ್ಲ, ನನ್ನ ಒಪ್ಪಂದಕ್ಕೂ ಕುತ್ತು ಬರುತ್ತಿರಲಿಲ್ಲ. ಬೇರೆ ಯಾರಾಗಿದ್ದರೂ ನಾನು ನಿಂತು ನೋಡುತ್ತಿದ್ದೆ. ನಮ್ಮೂರಿನವರು ಎಂಬ ಸಲುಗೆಯಲ್ಲಿ ಬಿಟ್ಟೆ. 'ರೋಗಿ ತಿಂದದ್ದನ್ನು ನಾನು ನೋಡಿಲ್ಲ. ನೋಡದೆ ಬರೆದೆ' ಎಂದು ಮೊದಲ ಸಾಲಿನಲ್ಲೇ ಬರೆದು ಸಹಿ ಹಾಕಿದೆ.

ಹಸನಾಕನಿಗೂ ಅದನ್ನೇ ಹೇಳಿದೆ. ನನ್ನ ತಪ್ಪು ನಾನು ಬರೆದಿದ್ದೇನೆ, ಮಗನಿಗೆ ನೀವೇ ಹೇಳಿ ಅಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಸಂಜೆ ಮಗ ಬಂದಾಗ ಪರದೆಯ ಒಳಗಿಂದ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಅವರ ಮನೆಮಾತಾದ ಬ್ಯಾರಿ ಕೇಳುತ್ತಿತ್ತು. ಹೊರಬಂದ ಮಗನ ಕಣ್ಣು ಕೆಂಪಾಗಿತ್ತು.

ಕೆಲಸ ಉಳಿಯಿತು. ಆದರೆ ಒಂದು ವಾರ ನಾನು ಇನ್ಸುಲಿನ್ ಕೊಡುವಾಗ ಪಕ್ಕದಲ್ಲಿ ಇನ್ನೊಬ್ಬ ಸಿಸ್ಟರ್ ನಿಲ್ಲಬೇಕೆಂದು ಆಯಿತು. ನನಗಿಂತ ಆರು ವರ್ಷ ಚಿಕ್ಕವಳು ನನ್ನನ್ನು ಕಾಯುತ್ತಿದ್ದಳು. ಮಾಡಿದ್ದಕ್ಕೆ ಅನುಭವಿಸಿದೆ.

ಆ ಘಟನೆಯ ಮರುದಿನ ಬೆಳಿಗ್ಗೆ, ಅವಳೆದುರು ಇನ್ಸುಲಿನ್ ಚುಚ್ಚಿ ಟ್ರೇ ಇಡುವಾಗ ಹಸನಾಕನ ಮುಖ ನೋಡಲು ನನಗೇ ಧೈರ್ಯವಿರಲಿಲ್ಲ. ಅವಳು ಹೋದ ಮೇಲೆ ಅವರು ದಿಂಬಿಗೊರಗಿ ಎದ್ದು ಕೂತರು.

"ಪರದೆ ಎಳಿ ಮಗಾ" ಅಂದರು. ನಾನು ಎಳೆದು, ಸಂದಿಯಿಂದ ನೋಡಿಕೊಳ್ಳೋಣವೆಂದು ಹೊರಗೆ ಹೊರಟೆ.

"ಹೋಗುವುದೆಂತಕ್ಕೆ? ನೀನು ಒಳಗೆ ನಿಲ್ಲು."

ಒಂದೊಂದೇ ತುಂಡು ಬ್ರೆಡ್ಡನ್ನು ಬಲು ಕಷ್ಟದಿಂದ ನುಂಗಿದರು. ರಂಜಾನಿನ ಹಗಲಿನಲ್ಲಿ ಅವರು ತಿನ್ನುವುದನ್ನು ನೋಡಿದ ಹೊರಗಿನವಳು ಬಹುಶಃ ನಾನೊಬ್ಬಳೇ. ಮುಗಿದ ಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ, ಕಣ್ಣೊರೆಸಿಕೊಂಡು ಹೇಳಿದರು:

"ನೋಡಿದ್ಯಲ್ಲ? ಈಗ ಬರಿ."